ಕೊನೆಯ ಹದಿನಾರು ಪುಟ

ದಾಂಡೇಲಿ
9 ಜೂನ್ 2024, ರವಿವಾರ

ದ್ರಾಕ್ಷಿ,

ಒಂದು ವಾರದಿಂದ ನಿನಗೆ ಫೋನು ಹಚ್ಚಿ ಹಚ್ಚಿ ಸಾಕಾಯಿತು. ಅನಮೋಡದ ಕಡೆಗೆ ಟವರ್ ಇಲ್ಲ ಎಂದು ನೀನು ಹೋಗುವಾಗಲೇ ಹೇಳಿದ್ದೆ, ನಾನು ನಂಬಿರಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು ಕನ್ನಡ ಎಂ.ಎ. ಮುಗಿಸಿದೆವು. ಆಗ ಒಬ್ಬರಿಗೊಬ್ಬರು ಒಂದು ಚೀಟಿಯನ್ನೂ ಬರೆಯಲಿಲ್ಲ. ಈಗ ನೀನು ಅಲ್ಲಿ ಅತಿಥಿ ಶಿಕ್ಷಕಿ, ನಾನು ಇಲ್ಲಿ ಅಕ್ಕನ ಮನೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಶನ್ ಹೇಳುವವಳು. ಬರೆಯದೆ ಬೇರೆ ದಾರಿಯಿಲ್ಲ.

ಮುಂಡಗೋಡದ ನಮ್ಮೂರಲ್ಲಿ ಪಕ್ಕದ ಮನೆಗೆ ಹೊಲ ದಾಟಿ ಹೋಗಬೇಕು. ಇಲ್ಲಿ ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯಲ್ಲಿ ಸೀನುತ್ತಾರೆ. ಆದರೂ ಬಂದ ಮೊದಲ ತಿಂಗಳು ನಾನು ಯಾರೊಂದಿಗೂ ಮಾತಾಡಲಿಲ್ಲ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ. ಒಂದು ಶನಿವಾರ ಸಂಜೆ ಎದುರುಮನೆಯ ಗುರುಬಸವ್ವ ಅತ್ತಿ ಕಟ್ಟೆಯ ಮೇಲಿಂದಲೇ ಕೂಗಿದರು: "ಏ ತಂಗಿ, ಕಿಟಕ್ಯಾಗಿಂದ ಎಷ್ಟ ಕೇಳ್ತಿ? ಕಿವಿ ಉದ್ದ ಆದಾವು. ಇಲ್ಲೇ ಬಂದ ಕೂಡ್ರು."

ಅದು ಓದುವವರ ಕಟ್ಟೆ. ಪ್ರತಿ ಶನಿವಾರ ಐದು ಗಂಟೆಗೆ ಸೇರುತ್ತಾರೆ. ಪುಸ್ತಕ ಒಂದೇ ಪ್ರತಿ, ಒಬ್ಬೊಬ್ಬರು ಎರಡೆರಡು ಪುಟ ಗಟ್ಟಿಯಾಗಿ ಓದಬೇಕು. ಬ್ಲೌಸ್ ಹೊಲಿಯುವ ಲಕ್ಷ್ಮಿ ಅಕ್ಕ ಓದುವಾಗ ಬಾಯಲ್ಲಿ ಸೂಜಿ ಇರುತ್ತದೆ. ದುಂಡೇಶ ಅಣ್ಣ ಪಾಳಿ ಮುಗಿಸಿ ನೇರ ಬರುತ್ತಾನೆ, ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಾನೆ, ನಡುವೆ ಕಣ್ಣು ತೆರೆದು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾನೆ. ಉಳವಪ್ಪ ಕಾಕಾ ಮಿಲ್ಲಿನಲ್ಲಿ ಕಾಗದ ಕತ್ತರಿಸುವ ಮಶೀನಿನ ಮೇಲಿದ್ದು ನಿವೃತ್ತರಾದವರು. ಪುಸ್ತಕ ಕೈಗೆ ಬಂದರೆ ಮೊದಲು ಹಾಳೆಯನ್ನು ಬೆರಳಲ್ಲಿ ತಿಕ್ಕುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ. "ಕತಿ ಆಮ್ಯಾಲ. ಮೊದಲ ಕಾಗದ ಎಂತಾದೈತಿ ನೋಡೂಣು." ಕಟ್ಟೆಯ ಹಾಜರಿ ಪುಸ್ತಕವನ್ನೂ ಅವರೇ ಮಿಲ್ಲಿನಲ್ಲಿ ಕತ್ತರಿಸಿ ಉಳಿದ ಹಾಳೆಗಳಿಂದ ಹೊಲಿದಿದ್ದಾರೆ. ಯಾರು ಬಂದರು, ಎಷ್ಟನೇ ಪುಟಕ್ಕೆ ನಿಂತೆವು, ಎಲ್ಲ ಅದರಲ್ಲಿದೆ.

ಈಗ ಓದುತ್ತಿರುವುದು ಅತ್ತಿ ರದ್ದಿ ಅಂಗಡಿಯಿಂದ ತಂದ ಒಂದು ಹಳೆಯ ಕಾದಂಬರಿ. ಹೊದಿಕೆ ಇಲ್ಲ, ಮೊದಲ ಪುಟ ಇಲ್ಲ, ಹೆಸರೂ ಗೊತ್ತಿಲ್ಲ. ಕಾಕಾ ಕೆಂಪು ರಟ್ಟು ಹಾಕಿದ್ದರಿಂದ ನಾವು ಅದನ್ನು ಕೆಂಪು ಪುಸ್ತಕ ಎನ್ನುತ್ತೇವೆ. ಹೊಳೆದಂಡೆಯ ಊರಿನಲ್ಲಿ ಖಾನಾವಳಿ ನಡೆಸುವ ಕಾಶೆವ್ವ ಎಂಬ ವಿಧವೆ. ಅವಳಲ್ಲಿ ಊಟಕ್ಕಿದ್ದ ಕರಿಬಸಪ್ಪ ಒಂದು ಬೀಗ ಹಾಕಿದ ಟ್ರಂಕು ಬಿಟ್ಟು ಹೋದವನು ಮೂವತ್ತು ವರ್ಷ ಕಳೆದರೂ ಬರುವುದಿಲ್ಲ. ಅವಳು ಅದನ್ನು ಒರೆಸಿ ಒರೆಸಿ ಇಟ್ಟಿದ್ದಾಳೆ.

ಕಟ್ಟೆಯಲ್ಲಿ ನನಗೂ ಒಂದು ಮುಖ್ಯ ಜವಾಬ್ದಾರಿ ಕೊಟ್ಟಿದ್ದಾರೆ. ನಾನಿಲ್ಲದೆ ಶನಿವಾರ ನಡೆಯುವುದಿಲ್ಲ.

ನನಗೆ ಬರೆಯುವಾಗ ಗುರುಬಸವ್ವ ಅತ್ತಿಯ ಮನೆಯ ವಿಳಾಸ ಹಾಕು. ಅಂಚೆಯವನಿಗೆ ಆ ಮನೆ ಮಾತ್ರ ಗೊತ್ತು.

ನಿನ್ನ
ಶಿವಗಂಗಾ


ಅನಮೋಡ ದಾರಿ, ಜೊಯಿಡಾ ತಾಲೂಕು
20 ಜೂನ್ 2024

ಅಧ್ಯಕ್ಷರಿಗೆ ನಮಸ್ಕಾರ.

ಮತ್ತೇನು? ನೀನಿಲ್ಲದೆ ಶನಿವಾರ ನಡೆಯುವುದಿಲ್ಲ ಎಂದರೆ ಅಧ್ಯಕ್ಷೆಯೇ ಆಗಿರಬೇಕು. ವಿಭಾಗದಲ್ಲಿ ಸೆಮಿನಾರಿನ ದಿನ ಜ್ವರ ಬರಿಸಿಕೊಂಡು ಮಲಗುತ್ತಿದ್ದವಳು ಈಗ ಓಣಿಗೆಲ್ಲ ಓದಿ ಹೇಳುತ್ತಿದ್ದಾಳೆ ಎಂದು ತಿಳಿದು ನಾನು ಇಲ್ಲಿ ಒಬ್ಬಳೇ ನಕ್ಕೆ. ಹೆಡ್ ಮಾಸ್ತರರು ತಿರುಗಿ ನೋಡಿದರು.

ಈ ದುಂಡೇಶ ಯಾರು? ಗೊರಕೆ ಹೊಡೆದರೂ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾನೆ ಎಂದು ಬರೆದಿದ್ದೀ. ಅಣ್ಣ ಎಂದು ಸೇರಿಸಿ ನನ್ನ ಕಣ್ಣಿಗೆ ಮಣ್ಣೆರಚಬೇಡ. ಹಾಸ್ಟೆಲಿನಲ್ಲಿ ಯಾರ ಗೊರಕೆಯನ್ನೂ ನೀನು ಇಷ್ಟು ಪ್ರೀತಿಯಿಂದ ಕೇಳಿದವಳಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಮಳೆ ಇದೆ. ಶಾಲೆಯಲ್ಲಿ ಹದಿನಾಲ್ಕು ಮಕ್ಕಳು. ಅವರ ಮನೆಮಾತು ಕೊಂಕಣಿ, ನನ್ನ ಕನ್ನಡಕ್ಕೆ ನಗುತ್ತಾರೆ. ಸಂಜೆ ನಾಲ್ಕೂವರೆಗೆ ಬಸ್ಸು ಹೋದ ಮೇಲೆ ಮಾಡಲು ಏನೂ ಇರುವುದಿಲ್ಲ. ಎಲ್ಲ ಚೆನ್ನಾಗಿದೆ.

ಆ ಟ್ರಂಕಿನಲ್ಲಿ ಏನಿತ್ತು ಎಂದು ಬೇಗ ಬರೆ. ಬಹಳ ಬೇಗ.

ದ್ರಾಕ್ಷಾಯಣಿ


ದಾಂಡೇಲಿ
30 ಜೂನ್ 2024

ದ್ರಾಕ್ಷಿ,

ದುಂಡೇಶ ಅಣ್ಣನಿಗೆ ಐವತ್ತೊಂದು ವರ್ಷ. ಹಿರಿಯ ಮಗಳಿಗೆ ಗಂಡು ನೋಡುತ್ತಿದ್ದಾನೆ. ನಿನ್ನ ಪತ್ರವನ್ನು ಅವನಿಗೆ ತೋರಿಸುವುದಿಲ್ಲ.

ನಿನ್ನೆ ಕಟ್ಟೆಯಲ್ಲಿ ಅನಾಹುತ ಆಯಿತು. ಮೂವತ್ತು ವರ್ಷದ ಮೇಲೆ ಕಾಶೆವ್ವ ಟ್ರಂಕನ್ನು ಪಡಸಾಲೆಗೆ ಎಳೆದು ತಂದಳು. ಬೀಗ ಒಡೆಯಲು ಒನಕೆ ಎತ್ತಿದಳು. ಲಕ್ಷ್ಮಿ ಅಕ್ಕ ಸೂಜಿ ಬಾಯಿಂದ ತೆಗೆದು ಪುಟ ತಿರುವಿದರೆ ಬರೀ ರಟ್ಟು.

ಕಾಕಾ ಪುಸ್ತಕ ಕಸಿದುಕೊಂಡು ಬೆನ್ನಿನ ಹೊಲಿಗೆ ನೋಡಿದರು. "ಹರದದ್ದಲ್ಲ ಇದು. ಹದಿನಾರ ಪುಟ, ಒಂದ ಫಾರಂ. ಪ್ರೆಸ್ಸಿನ್ಯಾಗ ಹೊಲಿಯೂದ ಮರತಾರ."

"ರಟ್ಟ ಹಾಕೂ ಮುಂದ ನಿನಗ ಕಾಣಲಿಲ್ಲನು?" ಎಂದರು ಅತ್ತಿ.

"ನಾ ಕಾಗದ ನೋಡಿದೆ. ಕತಿ ಎಲ್ಲಿ ನೋಡಿದೆ?"

ಆಮೇಲೆ ಒಂದು ಗಂಟೆ ಜಗಳ. ಟ್ರಂಕಿನಲ್ಲಿ ಇನ್ನೊಬ್ಬ ಹೆಂಡತಿಯ ಫೋಟೋ ಇದೆ ಎಂದು ಲಕ್ಷ್ಮಿ ಅಕ್ಕ. ಇಳಕಲ್ ಸೀರೆ ಎಂದು ಅತ್ತಿ. ದುಂಡೇಶ ಅಣ್ಣ ಎದ್ದು, "ಇಟ್ಟಂಗಿ. ಊಟದ ಬಾಕಿ ಕೊಡದ ಹ್ವಾದಾಂವ, ಭಾರ ಕಾಣ್ಲಿ ಅಂತ ಇಟ್ಟಂಗಿ ತುಂಬಿರ್ತಾನ" ಎಂದು ಮತ್ತೆ ಮಲಗಿದ.

ಅತ್ತಿಗೆ ಜುಲೈ ಹದಿನಾರಕ್ಕೆ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಶನ್. "ಟ್ರಂಕಿನ್ಯಾಗ ಏನೈತಿ ಗೊತ್ತಾಗದ ನಾ ಟೇಬಲ್ ಮ್ಯಾಲ ಮಲಗಾಕಿ ಅಲ್ಲ ನೋಡ" ಎಂದು ಹಟ ಹಿಡಿದಿದ್ದಾರೆ. ಎಲ್ಲರೂ ನನ್ನತ್ತ ತಿರುಗಿದರು. ಎಂ.ಎ. ಓದಿದವಳು ನಾನೊಬ್ಬಳೇ ತಾನೇ. ಗಾಬರಿಯಲ್ಲಿ ನನ್ನ ಬಾಯಿಂದ, "ನನ್ನ ಗೆಳತಿಗೆ ಗೊತ್ತಿರಬಹುದು, ಕೇಳ್ತೀನಿ" ಎಂಬ ಮಾತು ಬಂದುಬಿಟ್ಟಿತು. ಕಾಕಾ ಅದನ್ನು ಹಾಜರಿ ಪುಸ್ತಕದಲ್ಲಿ ಬರೆದೇಬಿಟ್ಟರು: ಕೊನೆ ತರುವ ಜವಾಬ್ದಾರಿ, ಶಿವಗಂಗಾ.

ನೀನು ಈ ಕಥೆ ಓದಿದ್ದೀಯಾ? ಎಲ್ಲಾದರೂ ಕೇಳಿದ್ದೀಯಾ? ಹದಿಮೂರನೇ ತಾರೀಖಿನ ಶನಿವಾರದೊಳಗೆ ಉತ್ತರ ಬೇಕು. ಮೊದಲ ಸಲ ಆ ಕಟ್ಟೆಯಲ್ಲಿ ಯಾರೋ ನನಗಾಗಿ ಕಾಯುತ್ತಿದ್ದಾರೆ.

ಶಿವಗಂಗಾ


ದಾಂಡೇಲಿ
14 ಜುಲೈ 2024

ದ್ರಾಕ್ಷಿ,

ಕೊನೆ ಸಿಕ್ಕಿತು. ಇನ್ನು ಹುಡುಕಬೇಡ.

ನಿನ್ನೆ ನಾನೇ ಓದಿದೆ, ಹದಿನಾರೂ ಪುಟ. ಮಳೆ ಹಂಚಿನ ಮೇಲೆ ಹುಯ್ಯುತ್ತಿತ್ತು. ನಾನು ದನಿ ಎತ್ತಿದೆ, ಎತ್ತಲು ಬಂತು. ದುಂಡೇಶ ಅಣ್ಣ ಮಲಗಲಿಲ್ಲ. ಅತ್ತಿ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನ ಕಣ್ಣ ಕೊಯ್ಯಲಿ ಬಿಡು" ಎಂದರು.

ಎಲ್ಲಿ ಸಿಕ್ಕಿತು ಎಂಬುದನ್ನು ಭೇಟಿಯಾದಾಗ ಹೇಳುತ್ತೇನೆ. ಒಂದು ಮಾತು, ಇದರ ಬಗ್ಗೆ ಬರೆಯುವುದಿದ್ದರೆ ಲಕೋಟೆಯಲ್ಲಿಯೇ ಬರೆ. ಅಂಟಿಸಿ.

ಶಿವಗಂಗಾ


(ಕಾರ್ಡು)
ಹಳಿಯಾಳ, 22 ಜುಲೈ 2024

ಪ್ರಿಯ ಶಿವಗಂಗಾ ಮತ್ತು ಕಟ್ಟೆಯ ಎಲ್ಲರಿಗೂ,

ಎಲ್ಲರೂ ಓದಲಿ ಎಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಮಳೆಗೆ ರಸ್ತೆ ಕುಸಿದು ಮೂರು ವಾರ ನಮಗೆ ಟಪಾಲೇ ಇರಲಿಲ್ಲ. ಟ್ರಂಕಿನ ವಿಚಾರ ಕೇಳಿದ ಪತ್ರ ಮೊನ್ನೆ ಮೊನ್ನೆ ಬಂತು, ತಡವಾಯಿತು, ಕ್ಷಮಿಸಿ. ತರಬೇತಿಗೆಂದು ಹಳಿಯಾಳಕ್ಕೆ ಬಂದಿದ್ದೇನೆ. ಇಲ್ಲಿಯ ಗ್ರಂಥಾಲಯದಲ್ಲಿ ಖಾನಾವಳಿ, ಟ್ರಂಕು ಎನ್ನುತ್ತಿದ್ದಂತೆ ವಯಸ್ಸಾದ ಗ್ರಂಥಪಾಲಕರು ಪುಸ್ತಕ ತೆಗೆದುಕೊಟ್ಟರು. ಪೂರ್ತಿ ಪ್ರತಿ! ಕೊನೆ ಇದು: ಕಾಶೆವ್ವ ಒನಕೆ ಕೆಳಗಿಡುತ್ತಾಳೆ. ಟ್ರಂಕು ತೆಗೆಯುವುದೇ ಇಲ್ಲ. ಬೆಳಗಾಗುತ್ತಲೇ ಹೊಳೆಗೆ ನೂಕಿ ಬರುತ್ತಾಳೆ. ಮುಗಿಯಿತು.

ನಿಮ್ಮ ದ್ರಾಕ್ಷಾಯಣಿ


ದಾಂಡೇಲಿ
28 ಜುಲೈ 2024

ದ್ರಾಕ್ಷಿ,

ನಿನ್ನ ತಪ್ಪಿಲ್ಲ. ನನ್ನ ಹದಿನಾಲ್ಕರ ಪತ್ರ ಇನ್ನೂ ಆ ಕುಸಿದ ರಸ್ತೆಯ ಈಚೆಗೇ ಇರಬೇಕು.

ಕಾರ್ಡು ಅತ್ತಿಯ ಕೈಗೆ ಸಿಕ್ಕಿತು. ಅವರಿಗೆ ಆಪರೇಶನ್ ಆಗಿ ಕಪ್ಪು ಕನ್ನಡಕ. ಸದ್ಯ ಓದಲಾಗುವುದಿಲ್ಲ, ಯಾರ ಕಾರ್ಡು ಎಂದು ಅಂಚೆಯವನೇ ಹೇಳಿದನಂತೆ, ಹಾಗಾಗಿ ನಿನ್ನೆ ಕಟ್ಟೆಯ ಮೇಲೆ ಲಕ್ಷ್ಮಿ ಅಕ್ಕನಿಗೆ ಕೊಟ್ಟು, "ಶಿವಗಂಗವ್ವನ ಗೆಳತಿ ನಮಗೂ ಬರದಾಳ, ಓದ" ಎಂದರು. ಲಕ್ಷ್ಮಿ ಅಕ್ಕ ಒಂದು ಅಕ್ಷರ ಬಿಡದೆ ಓದತೊಡಗಿದಳು. "ಕ್ಷಮಿಸಿ" ಎಂಬಲ್ಲಿಗೆ ಬಂದಾಗ ನಾನು ಎದ್ದು ನಿಂತೆ.

ಯಾಕೆಂದರೆ ನಾನು ಅವರಿಗೆ ಹೇಳಿದ್ದು, ಕೊನೆಯನ್ನು ನೀನು ನಿನ್ನ ಶಾಲೆಯ ಪುಸ್ತಕದಿಂದ ನಕಲು ಮಾಡಿ ಕಳಿಸಿದ್ದೀ ಎಂದು. ನಿನ್ನ ಅಕ್ಷರ ಬೇರೆಯವರಿಗೆ ತಿಳಿಯುವುದಿಲ್ಲ ಎಂದು ಹೇಳಿ ನಾನೇ ಓದಿದೆ. ಬರೆದವಳು ನಾನು. ನಿನ್ನ ಉತ್ತರ ಬರಲಿಲ್ಲ, ಹದಿಮೂರು ಬಂತು, ಅತ್ತಿ ಕಾಯುತ್ತಿದ್ದರು. ನನ್ನ ಹೆಸರು ಹೇಳಿದ್ದರೆ ಯಾರು ಕೇಳುತ್ತಿದ್ದರು?

ನನ್ನ ಕಥೆಯಲ್ಲಿ ಕಾಶೆವ್ವ ಬೀಗ ಒಡೆಯುತ್ತಾಳೆ. ಒಳಗೆ ಅವಳ ಖಾನಾವಳಿಯ ಹಿತ್ತಾಳೆ ಲೋಟಗಳು. ಕೆಂಪು ಪುಸ್ತಕದ ಎರಡನೇ ಅಧ್ಯಾಯದಲ್ಲಿ ಇವೇ ಲೋಟ ಕದ್ದಳೆಂದು ಅವಳು ಅಡುಗೆಯ ದ್ಯಾಮವ್ವನನ್ನು ಕೆಲಸ ಬಿಡಿಸಿರುತ್ತಾಳೆ. ಈಗ ಲೋಟಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಕೆಯ ಊರು ಹುಡುಕಿ ಹೋಗುತ್ತಾಳೆ. ಇಬ್ಬರೂ ಮುದುಕಿಯರು, ಒಂದೇ ಲೋಟದಲ್ಲಿ ಚಹಾ ಕುಡಿಯುತ್ತಾರೆ.

ಇನ್ನೊಂದು ಸುಳ್ಳಿದೆ. ನಾನು ಅಧ್ಯಕ್ಷೆಯಲ್ಲ. ಓದದವರು ಚಹಾ ಸೋಸಬೇಕು ಎಂಬುದು ಕಟ್ಟೆಯ ನಿಯಮ. ಬಂದ ದಿನದಿಂದ ನಾನು ಚಹಾ ಸೋಸುತ್ತಿದ್ದೇನೆ. ಅದೇ ಜವಾಬ್ದಾರಿ. ಹದಿಮೂರರಂದು ಒಂದೇ ದಿನ ಬೇರೆಯವರು ಸೋಸಿದರು.

ಲಕ್ಷ್ಮಿ ಅಕ್ಕ ಕಾರ್ಡು ಮುಗಿಸುವ ಮೊದಲೇ ಎದ್ದು ಬಂದೆ. ಕಿಟಕಿ ಹಾಕಿದ್ದೇನೆ. ಇನ್ನು ಆ ಕಟ್ಟೆ ಹತ್ತುವುದಿಲ್ಲ.

ಶಿವಗಂಗಾ


ಅನಮೋಡ ದಾರಿ
8 ಆಗಸ್ಟ್ 2024

ಶಿವಗಂಗಾ,

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. "ಅಂಟಿಸಿ" ಎಂಬುದನ್ನು ಓದಿ, ಮುಂದಿನದನ್ನು ಓದಿ, ನಗಬೇಕೋ ಅಳಬೇಕೋ ತಿಳಿಯದೆ ನಕ್ಕೆ. ಹೆಡ್ ಮಾಸ್ತರರು ಈಗ ತಿರುಗಿ ನೋಡುವುದನ್ನು ಬಿಟ್ಟಿದ್ದಾರೆ.

ನಾನೂ ಒಂದು ಹೇಳಿಲ್ಲ. ಎಲ್ಲ ಚೆನ್ನಾಗಿದೆ ಎಂದು ಎರಡು ಸಲ ಬರೆದಿದ್ದೆ, ನೀನು ಹಿಡಿಯುತ್ತೀ ಅಂದುಕೊಂಡಿದ್ದೆ. ಜೂನ್‌ನಲ್ಲಿ ನಿನ್ನ ಮೊದಲ ಪತ್ರ ಬಂದ ದಿನ ನಾನು ಚೀಲ ತುಂಬಿ ನಾಲ್ಕೂವರೆ ಬಸ್ಸಿಗೆ ನಿಂತಿದ್ದೆ. ಮತ್ತೆ ಬರಬಾರದೆಂದೇ. ಕಂಡಕ್ಟರ್ ಲಕೋಟೆ ಕೊಟ್ಟ. ನಿಂತಲ್ಲೇ ಓದಿ ನಕ್ಕೆ, ಹೆಡ್ ಮಾಸ್ತರರು ತಿರುಗಿ ನೋಡುತ್ತ ಬಸ್ಸು ಹತ್ತಿದರು, ಬಸ್ಸು ಹೋಯಿತು. ಪಕ್ಕದಲ್ಲಿ ಮಳೆಗೆ ನಿಂತಿದ್ದ, ಅಂಗನವಾಡಿ ನಡೆಸುವ ಬಾಯಿ (ಇಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ), ಯಾಕೆ ನಗುತ್ತೀರಿ ಎಂದು ಕೇಳಿದರು. ಅವರಿಗೆ ಓದಿ ಹೇಳಿದೆ. ಮರುದಿನ ಅವರು ಇನ್ನಿಬ್ಬರನ್ನು ಕರೆತಂದರು. ಈಗ ಒಂಬತ್ತು ಹೆಂಗಸರು ಅಂಗನವಾಡಿಯಲ್ಲಿ ಕುಳಿತು ನಿನ್ನ ಪತ್ರ ಕೇಳುತ್ತಾರೆ. ನಾನು ಓದುತ್ತೇನೆ, ಬಾಯಿ ಕೊಂಕಣಿಯಲ್ಲಿ ಹೇಳುತ್ತಾರೆ. ನಾನು ಎರಡು ಸಾಲು ಓದಿದರೆ ಅವರು ಹತ್ತು ಸಾಲು ಹೇಳುತ್ತಾರೆ, ಏನು ಸೇರಿಸುತ್ತಾರೋ ದೇವರೇ ಬಲ್ಲ. ದುಂಡೇಶ ಅಣ್ಣನ ಮಗಳಿಗೆ ಗಂಡು ಸಿಕ್ಕಿತೇ ಎಂದು ಕೇಳುತ್ತಿದ್ದಾರೆ.

ಅವರಿಗೆ ಎರಡೂ ಕೊನೆ ಹೇಳಿದೆ. ಹೊಳೆಗೆ ನೂಕಿದ್ದನ್ನು ಒಬ್ಬರೂ ನಂಬಲಿಲ್ಲ. ಗಟ್ಟಿ ಟ್ರಂಕನ್ನು ಯಾವ ಹೆಂಗಸಾದರೂ ಹೊಳೆಗೆ ಹಾಕುತ್ತಾಳೆಯೇ, ಅಕ್ಕಿ ಹಾಕಿಡಲು ಬರುತ್ತದಲ್ಲ ಎಂದು ಬಾಯಿ ಕೇಳಿದರು.

ನೀನು ಕಿಟಕಿ ಹಾಕಿದರೆ ನನ್ನ ಒಂಬತ್ತು ಜನ ಏನು ಕೇಳಬೇಕು? ಹೋಗು. ಚಹಾ ಸೋಸುವುದಾದರೂ ಸರಿ, ಹೋಗು.

ದ್ರಾಕ್ಷಾಯಣಿ


ದಾಂಡೇಲಿ
18 ಆಗಸ್ಟ್ 2024, ರವಿವಾರ

ದ್ರಾಕ್ಷಿ,

ನಿನ್ನ ಪತ್ರ ಶುಕ್ರವಾರ ಬಂತು. ಹೋಗಬೇಕೆಂದು ಅಂದುಕೊಂಡೆ. ನಿನ್ನೆ ಬೆಳಿಗ್ಗೆ ಎದ್ದಾಗ ಮತ್ತೆ ಧೈರ್ಯ ಇರಲಿಲ್ಲ. ಟ್ಯೂಶನ್ ಮಕ್ಕಳು ಹೋದ ಮೇಲೆ ಅಕ್ಕ ಒಳಗೆ ಬಂದು, "ಉಳವಪ್ಪ ಕಾಕಾ ಬಂದಾರ. ಚೀಲ ತಂದಾರ" ಎಂದಳು.

ಕಾಕಾ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಚೀಲದಿಂದ ನನ್ನ ಹದಿನಾರು ಪುಟ ತೆಗೆದರು. ಅಂದು ಓದಿ ಮುಗಿಸಿದ ಮೇಲೆ ಪುಸ್ತಕದಲ್ಲಿಟ್ಟುಕೊಳ್ಳುತ್ತೇನೆಂದು ಅವರೇ ಒಯ್ದಿದ್ದರು. ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು.

"ಇದು ಜೊಯಿಡಾದಿಂದ ಬಂದದ್ದು ಅಂದಿದ್ದೆಲ್ಲ ತಂಗಿ?"

"ಕಾಕಾ, ಅದು..."

"ಮೂವತ್ನಾಕ ವರ್ಷ ಕಟಿಂಗ್ ಮಶೀನ ಮುಂದ ನಿಂತೀನಿ. ಕೈಯಾಗ ಹಿಡದ ಕೂಡ್ಲೆ ಗೊತ್ತಾತು. ಇದು ನಮ್ಮ ಹಾಜರಿ ಪುಸ್ತಕದ್ದು."

ಆಮೇಲೆ ಹಾಜರಿ ಪುಸ್ತಕವನ್ನೂ ಹೊರತೆಗೆದರು. ತೆರೆದರೆ ಮುಂದಿನ ಎಂಟು ಹಾಳೆ ಅವರ ತೊಡೆಯ ಮೇಲೆ ಉದುರಿದವು. ಅದರಲ್ಲಿ ನಾನು ಕಟ್ಟೆಗೆ ಬಂದ ಮೊದಲ ದಿನದ ಹಾಜರಿಯೂ ಇತ್ತು.

"ಹೊಲದ ಪುಸ್ತಕ ಇದು. ನಡುವ ದಾರ, ಆ ಕಡಿಗೊಂದ ಹಾಳಿ, ಈ ಕಡಿಗೊಂದ ಹಾಳಿ. ಹಿಂದಿಂದ ಎಂಟ ಹರದ್ರ ಮುಂದಿನ ಎಂಟ ಸಡಲ ಆಕ್ಕಾವು. ಎಂ.ಎ.ದಾಗ ಕಲಿಸಿಲ್ಲನು?"

ನಾನು ಉದುರಿದ ಹಾಳೆಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ಅತ್ತಿಯ ಕಪಾಟಿನಲ್ಲಿದ್ದ ಹಾಜರಿ ಪುಸ್ತಕದಿಂದಲೇ ಆ ಹಾಳೆ ಹರಿದುಕೊಂಡದ್ದು ಯಾಕೆಂದು ಈಗಲೂ ಗೊತ್ತಿಲ್ಲ. ಕಥೆ ಕಟ್ಟೆಯದು, ಹಾಳೆಯೂ ಕಟ್ಟೆಯದೇ ಇರಲಿ ಅನಿಸಿರಬೇಕು.

"ಆದರ ಒಂದ ಮಾತ," ಎಂದರು ಕಾಕಾ. "ಎಂಟ ಹಾಳಿ ಹರದಿ. ಏಳಲ್ಲ, ಒಂಬತ್ತಲ್ಲ. ಬರೋಬ್ಬರಿ ಒಂದ ಫಾರಂ. ಅವತ್ತ ನಾ ಹೇಳಿದ್ದು ಲಕ್ಷ್ಯದಾಗ ಇಟ್ಟಿದ್ದಿ. ನನ್ನ ಮಾತ ಇಷ್ಟ ಚಂದ ಯಾರೂ ಕೇಳಿಲ್ಲ ಈ ಓಣ್ಯಾಗ."

"ಅವತ್ತೇ ಗೊತ್ತಿತ್ತಾ ಕಾಕಾ?"

"ಅವತ್ತ ಸಂಜಿಕೇ ಹಾಳಿ ಉದರಿದ್ವು. ಗುರುಬಸವ್ವಗ ಅದರಕಿಂತ ಮೊದಲ ಗೊತ್ತಾಗಿತ್ತು. ನಿನ್ನ ಕತ್ಯಾಗ ಆ ಮುದಕಿ ಸೋಸೂ ಅರಿವಿ ಎರಡ ಮಡಿಕಿ ಮಾಡಿ, ಕಿರಿಬೆರಳ ಎತ್ತಿ ಚಹಾ ಸೋಸ್ತಾಳಲ್ಲ? ಇಡೀ ದಾಂಡೇಲ್ಯಾಗ ಹಂಗ ಸೋಸಾಕಿ ನೀ ಒಬ್ಬಾಕಿ."

"ಮತ್ತ ಯಾಕ ಹೇಳಲಿಲ್ಲ?"

"ಓದೂ ಮುಂದ ಆಕಿ ಹೇಳಿದ್ರ ನೀ ಅಲ್ಲೇ ನಿಲ್ಲಸ್ತಿದ್ದಿ. ನಮಗ ಟ್ರಂಕಿನ್ಯಾಗ ಏನೈತಿ ಬೇಕಾಗಿತ್ತು." ಅವರು ಎದ್ದು ಚಪ್ಪಲಿ ಮೆಟ್ಟಿದರು. "ಐದ ಗಂಟೆಕ್ಕ ಬಾ. ಎರಡ ವಾರ ದುಂಡೇಶ ಚಹಾ ಸೋಸ್ಯಾನ. ಕುಡ್ಯಾಕ ಆಗವಲ್ದು."

ಐದಕ್ಕೆ ಹೋದೆ. ಲಕ್ಷ್ಮಿ ಅಕ್ಕ ಸರಿದು ಜಾಗ ಕೊಟ್ಟಳು. ಅತ್ತಿ ಕಪ್ಪು ಕನ್ನಡಕದೊಳಗಿಂದ ನೋಡಿ, "ಆಪರೇಶನ್ ಆದ ಮ್ಯಾಲ ಈ ಹುಡುಗಿ ಚೊಲೊ ಕಾಣಾಕತ್ತಾಳ ನೋಡ್ರಿ" ಎಂದರು. ಅಷ್ಟೇ.

ನಿನ್ನ ಕಾರ್ಡಿನ ಬಗ್ಗೆ ಮಾತ್ರ ಇನ್ನೂ ಜಗಳ ನಡೆದಿದೆ. "ಮೂವತ್ತ ವರ್ಷ ಒರಸಿ ಇಟ್ಟಾಕಿ ಹೊಳಿಗೆ ಒಗಿತಾಳ ಅಂದ್ರ, ಬರದಾವಗ ಬ್ಯಾಸರಾಗಿರಬೇಕು" ಎಂದಳು ಲಕ್ಷ್ಮಿ ಅಕ್ಕ. ದುಂಡೇಶ ಅಣ್ಣ ಕಣ್ಣು ಬಿಟ್ಟು, ಬೀಗ ಹಾಕಿದ ಟ್ರಂಕು ಹೊಳೆಯಲ್ಲಿ ಮುಳುಗುತ್ತದೋ ತೇಲುತ್ತದೋ ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಮಳೆ ಕಡಿಮೆಯಾದ ಮೇಲೆ ಒಂದು ರವಿವಾರ ಅವನ ಹಳೆಯ ಟ್ರಂಕು ತೆಗೆದುಕೊಂಡು ಎಲ್ಲರೂ ಹೊಳೆದಂಡೆಯ ಮೌಳಂಗಿಗೆ ಹೋಗುವುದೆಂದು ಠರಾವಾಯಿತು. ನಿನ್ನ ಒಂಬತ್ತು ಜನರನ್ನೂ ಕರೆದುಕೊಂಡು ಬಾ. ಅಕ್ಕಿ ತುಂಬಿ ನೋಡೋಣ ಎಂದು ಅಂಗನವಾಡಿ ಬಾಯಿಗೆ ಹೇಳು.

ಕಾಕಾ ಕಟ್ಟೆಯ ಮೇಲೆಯೇ ದಬ್ಬಣ ತೆಗೆದು ನನ್ನ ಎಂಟು ಹಾಳೆಗಳನ್ನು ಕೆಂಪು ಪುಸ್ತಕದ ಕೊನೆಗೆ ಹೊಲಿದರು. ಹಾಳೆ ಸ್ವಲ್ಪ ಅಗಲ, ಹೊರಗೆ ಚಾಚಿಕೊಂಡಿದೆ. ಕತ್ತರಿಸಲೇ ಎಂದು ಕೇಳಿದಳು ಲಕ್ಷ್ಮಿ ಅಕ್ಕ. "ಬ್ಯಾಡ, ಇರ್ಲಿ. ಯಾರದು ಅಂತ ಗೊತ್ತಾಗಬೇಕು" ಎಂದರು ಕಾಕಾ. ನಿನ್ನ ಕಾರ್ಡನ್ನು ಹಿಂದಿನ ರಟ್ಟಿಗೆ ಅಂಟಿಸಿದರು. ಉದುರಿದ ಹಾಜರಿ ಹಾಳೆಗಳಿಗೂ ಅಂಟು ಹಚ್ಚಿದರು.

ಆಮೇಲೆ ಹೊಸ ಪುಸ್ತಕ ಬಂತು. ಇದಕ್ಕೆ ಹೊದಿಕೆ ಇದೆ, ಕೊನೆಯೂ ಇದೆ, ಕಾಕಾ ಮೊದಲೇ ಎಣಿಸಿ ನೋಡಿದ್ದಾರೆ. ನಾನು ಅಭ್ಯಾಸದಂತೆ ಚಹಾದ ಪಾತ್ರೆಯ ಕಡೆಗೆ ಎದ್ದೆ. ಅತ್ತಿ ನನ್ನ ಸೆರಗು ಹಿಡಿದು ಕೂಡ್ರಿಸಿ ಪುಸ್ತಕವನ್ನು ಕೈಗಿಟ್ಟರು.

"ಮತ್ತ ಚಹಾ ಯಾರು ಸೋಸ್ತಾರ ಅತ್ತಿ?" ಎಂದೆ.

ಕಾಕಾ ಗೊಣಗುತ್ತ ಎದ್ದರು. ಅರಿವೆಯನ್ನು ಒಂದೇ ಮಡಿಕೆ ಮಾಡಿದರು. ಎಲ್ಲರ ಲೋಟದಲ್ಲೂ ಚಹಾಪುಡಿ ತೇಲುತ್ತಿತ್ತು. ಎಲ್ಲರೂ ಅದನ್ನು ಊದಿ ಸರಿಸಿ ಕುಡಿದರು, ನಾನು ಓದುತ್ತಿದ್ದೆ.

ನಿನ್ನ
ಶಿವಗಂಗಾ